ವಿನ್ನಿ ಮಂಡೇಲಾ ಮೇಲಿನ ತೀರ್ಪು: ಕ್ರಾಂತಿಕಾರಿ ನಾಯಕರ ಹೆಂಡತಿಯರನ್ನು ನಾವು ಹೇಗೆ ನೆನೆಯುತ್ತೇವೆ?

ಶರಾವತಿ

"ಮಂಡೇಲಾ ದೇವರಂಥ ಮನುಷ್ಯ. ಪಾಪ, ಹೆಂಡತಿ ಮಾತ್ರ ಸರಿ ಸಿಗಲಿಲ್ಲ." ಈ ಮಾತು ಎಷ್ಟೋ ಕಡೆ ಕೇಳಿದ್ದೇನೆ. ಹೇಳುವವರು ಕೆಟ್ಟವರಲ್ಲ, ಓದಿಕೊಂಡವರೇ. ಆದರೆ ವಿನ್ನಿ ಬಗ್ಗೆ ಏನು ಗೊತ್ತು ಅಂತ ಕೇಳಿದರೆ ಎರಡೇ ವಿಷಯ ಹೇಳುತ್ತಾರೆ. 1990ರಲ್ಲಿ ಗಂಡ ಜೈಲಿನಿಂದ ಹೊರಬಂದಾಗ ಕೈ ಹಿಡಿದು ನಡೆದರು. ಆಮೇಲೆ ಅವರಿಗೆ ಮೋಸ ಮಾಡಿದರು. ನಡುವಿನ 27 ವರ್ಷ ಯಾರ ಲೆಕ್ಕಕ್ಕೂ ಬರುವುದಿಲ್ಲ. ಈ ಚರ್ಚೆ ಶುರು ಮಾಡುತ್ತಿರುವುದು ಅದಕ್ಕೇ.

ಮದುವೆ ಆಗಿದ್ದು 1958ರ ಜೂನ್‌ನಲ್ಲಿ. ಆಗ ವಿನ್ನಿಗೆ 21 ವರ್ಷ, ನೆಲ್ಸನ್‌ಗೆ 39. ಜೋಹಾನ್ಸ್‌ಬರ್ಗ್ ಅಂಚಿನ ಕಪ್ಪು ಜನರ ಬಡಾವಣೆ ಸೊವೆಟೊದ ಬಾರಾಗ್ವಾನಾಥ್ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದರು. ಅಲ್ಲಿ ಆ ಕೆಲಸಕ್ಕೆ ಸೇರಿದ ಮೊದಲ ಕಪ್ಪು ವ್ಯಕ್ತಿ ಅವರೇ. ಅದೇ ವರ್ಷ ಅಕ್ಟೋಬರ್‌ನಲ್ಲಿ ಪಾಸ್ ಕಾನೂನಿನ (ಕಪ್ಪು ಜನ ಓಡಾಡಲು ಪಾಸ್ ಪುಸ್ತಕ ಇಟ್ಟುಕೊಳ್ಳಲೇಬೇಕು ಅನ್ನುವ ವರ್ಣಭೇದದ ಕಾನೂನು) ವಿರುದ್ಧ ಹೆಂಗಸರು ಬೀದಿಗಿಳಿದಾಗ ಜೈಲಿಗೆ ಹೋದರು, ಮೊದಲ ಮಗು ಹೊಟ್ಟೆಯಲ್ಲಿತ್ತು. 1962ರ ಆಗಸ್ಟ್‌ನಲ್ಲಿ ನೆಲ್ಸನ್ ಸಿಕ್ಕಿಬಿದ್ದರು. ಆ ನಾಲ್ಕು ವರ್ಷದಲ್ಲೂ ದೇಶದ್ರೋಹದ ಮೊಕದ್ದಮೆ, ಭೂಗತ ಜೀವನ ಅಂತ ಅವರು ಮನೆಯಲ್ಲಿ ಇದ್ದದ್ದೇ ಕಮ್ಮಿ.

1969ರ ಮೇ 12ರ ರಾತ್ರಿ ಪೊಲೀಸರು ವಿನ್ನಿಯನ್ನು ಎಳೆದುಕೊಂಡು ಹೋದರು. ಮನೆಯಲ್ಲಿ ಇದ್ದದ್ದು ಹತ್ತು ವರ್ಷದ ಝೆನಾನಿ, ಎಂಟು ವರ್ಷದ ಝಿಂಡ್ಜಿ. ಮಕ್ಕಳು ಅಮ್ಮನ ಲಂಗ ಹಿಡಿದು ಅಳುತ್ತಿದ್ದರು. ಪ್ರಿಟೋರಿಯಾ ಸೆಂಟ್ರಲ್ ಜೈಲು, ಖೈದಿ ನಂಬರ್ 1323/69. ಒಟ್ಟು 491 ದಿನ, ಅದರಲ್ಲಿ ಹೆಚ್ಚಿನದು ಒಂಟಿ ಕೋಣೆಯಲ್ಲಿ. ಮಲಗಲು ಚಾಪೆ, ಮೂಲೆಯಲ್ಲಿ ಬಕೆಟ್, ಹಗಲೂ ರಾತ್ರಿ ಆರದ ಬಲ್ಬು. ಸ್ವಾನೆಪೂಲ್ ಎಂಬ ಅಧಿಕಾರಿ ನಿದ್ದೆ ಮಾಡಲು ಬಿಡದೆ ಐದು ಹಗಲು ಐದು ರಾತ್ರಿ ವಿಚಾರಣೆ ನಡೆಸಿದ. 1977ರ ಮೇನಲ್ಲಿ ಗಡೀಪಾರು. ಎಲ್ಲಿಗೆ? ಬ್ರಾಂಡ್‌ಫೋರ್ಟ್ ಎಂಬ ಸಣ್ಣ ಊರಿಗೆ. 802ನೇ ನಂಬರಿನ ಮನೆ, ಕರೆಂಟಿಲ್ಲ, ನಲ್ಲಿಯಿಲ್ಲ. ಸುತ್ತಮುತ್ತ ಆಡುವ ಭಾಷೆಯೂ ಅವರದ್ದಲ್ಲ. ಅಂಥಾ ಕಡೆಯೂ ಒಂದು ಕ್ಲಿನಿಕ್, ಒಂದು ಶಿಶುವಿಹಾರ ಶುರು ಮಾಡಿದರು. 1985ರಲ್ಲಿ ಆ ಮನೆಗೆ ಬೆಂಕಿ ಬಾಂಬ್ ಬಿತ್ತು. ಆಜ್ಞೆಯನ್ನು ಲೆಕ್ಕಿಸದೆ ಸೊವೆಟೊಗೆ ವಾಪಸ್ ಬಂದುಬಿಟ್ಟರು.

ನನ್ನ ಮುಖ್ಯ ಮಾತು ಇದು. ಜೈಲು ನೆಲ್ಸನ್‌ರಿಂದ ಬಹಳಷ್ಟನ್ನು ಕಿತ್ತುಕೊಂಡಿತು, ಆದರೆ ಒಂದನ್ನು ಕೊಟ್ಟಿತು. ಎಂಬತ್ತರ ದಶಕದ ಬೀದಿಯಿಂದ ಅವರನ್ನು ದೂರ ಇಟ್ಟಿತು. ಯಾವ ಗುಂಪಿಗೆ ಏನು ಹೇಳಬೇಕು, ಯಾರನ್ನು ನಂಬಬೇಕು, ಪಕ್ಕದ ಮನೆಯವನು ಪೊಲೀಸರ ಏಜೆಂಟ್ ಇರಬಹುದಾ ಅಂತ ದಿನಾ ನಿರ್ಧಾರ ಮಾಡಬೇಕಾಗಿದ್ದದ್ದು ಹೊರಗಿದ್ದವರು. ನೆಲ್ಸನ್‌ರ ಫೋಟೋ ಅಚ್ಚು ಹಾಕುವ ಹಾಗಿರಲಿಲ್ಲ, ಮಾತು ಉಲ್ಲೇಖಿಸುವ ಹಾಗಿರಲಿಲ್ಲ. ಆ ಹೆಸರನ್ನು ಜನರ ನಾಲಿಗೆಯ ಮೇಲೆ ಉಳಿಸಿದವರಲ್ಲಿ ಮೊದಲ ಸಾಲಿನಲ್ಲಿ ಇದ್ದದ್ದು ವಿನ್ನಿ. ಕೊನೆಗೆ ಅದೇ ಹೆಸರನ್ನು ಮುಂದಿಟ್ಟುಕೊಂಡು ಅವರನ್ನು ಅಳೆದೆವು: ನೆಲ್ಸನ್ ಕ್ಷಮಿಸಿದರು, ನೀನು ಯಾಕೆ ಕ್ಷಮಿಸಲಿಲ್ಲ?

1986ರ ಏಪ್ರಿಲ್‌ನಲ್ಲಿ ಮನ್ಸಿವಿಲ್‌ನಲ್ಲಿ ಆಡಿದ ಮಾತು ನನಗೆ ಗೊತ್ತು. ಬೆಂಕಿಪೊಟ್ಟಣ ಮತ್ತು ನೆಕ್ಲೇಸ್‌ನಿಂದ ಈ ದೇಶವನ್ನು ಬಿಡಿಸುತ್ತೇವೆ ಅಂದರು. ನೆಕ್ಲೇಸ್ ಅಂದರೆ ಕೊರಳಿಗೆ ಪೆಟ್ರೋಲ್ ಸುರಿದ ಟೈರ್ ಹಾಕಿ ಸುಡುವುದು. ಅದನ್ನು ಸಮರ್ಥಿಸಲು ನಾನು ಬಂದಿಲ್ಲ. ಕೇಳುತ್ತಿರುವುದು, ಗಂಡಸು ನಾಯಕರಿಗೆ ಇಟ್ಟ ಅಳತೆಯನ್ನೇ ಇವರಿಗೂ ಇಟ್ಟೆವಾ ಅಂತ.

ಬಯಲುಸೀಮೆ

ಶರಾವತಿ ಮೇಡಂ, ಚೆನ್ನಾಗಿ ಬರೆದಿದ್ದೀರಿ. ಆದರೆ ನಿಮ್ಮ ಇಡೀ ಬರಹದಲ್ಲಿ ಒಂದು ಹೆಸರೇ ಇಲ್ಲ. ಸ್ಟಾಂಪಿ ಸೆಯ್ಪೆ.

ವಿನ್ನಿ ಸುತ್ತ ಯುವಕರ ಒಂದು ಗುಂಪಿತ್ತು. ಮಂಡೇಲಾ ಯುನೈಟೆಡ್ ಫುಟ್‌ಬಾಲ್ ಕ್ಲಬ್ ಅಂತ ಹೆಸರು, ಕೆಲಸ ಕಾವಲು ಮತ್ತು ಹೊಡೆದಾಟ. 1988ರ ಡಿಸೆಂಬರ್ 29ರಂದು ಅವರು ಸೊವೆಟೊದ ಒಬ್ಬ ಮೆಥೊಡಿಸ್ಟ್ ಪಾದ್ರಿಯ ಮನೆಯಿಂದ ನಾಲ್ವರನ್ನು ಎತ್ತಿಕೊಂಡು ಬಂದರು. ಡೀಪ್‌ಕ್ಲೂಫ್‌ನಲ್ಲಿದ್ದ ವಿನ್ನಿ ಮನೆಯಲ್ಲಿ ಅವರಿಗೆ ಹೊಡೆತ ಬಿತ್ತು. ಸ್ಟಾಂಪಿ ಪೊಲೀಸರ ಏಜೆಂಟ್ ಅನ್ನುವುದು ಆರೋಪ. ಕೆಲವೇ ದಿನದಲ್ಲಿ ಹೆಣ ಸಿಕ್ಕಿತು. ವಯಸ್ಸು 14.

ಈ ಹುಡುಗ ಸುಮ್ನೆ ದಾರಿಹೋಕನಲ್ಲ. ಟುಮಾಹೋಲೆ ಎಂಬ ಟೌನ್‌ಶಿಪ್‌ನಲ್ಲಿ (ಕಪ್ಪು ಜನರ ಬಡಾವಣೆ) ಹತ್ತು ಹನ್ನೊಂದನೇ ವಯಸ್ಸಿಗೇ ಮಕ್ಕಳ ಗುಂಪು ಕಟ್ಟಿಕೊಂಡು ಪೊಲೀಸರಿಗೆ ಎದುರು ನಿಂತಿದ್ದವನು. ಹನ್ನೆರಡನೇ ಹುಟ್ಟುಹಬ್ಬ ಕಳೆದಿದ್ದು ವಿಚಾರಣೆಯಿಲ್ಲದೆ ಜೈಲಿನಲ್ಲಿ. ಅವನೂ ಹೋರಾಟಗಾರನೇ ಅಲ್ವಾ? ವಿನ್ನಿಯನ್ನು ಹೇಗೆ ನೆನೆಯಬೇಕು ಅಂತ ಚರ್ಚೆ ಮಾಡುತ್ತೇವೆ. ಅವನ ನೆನಪು ಮಾತ್ರ ಯಾರದೋ ಕೇಸಿನ ಒಂದು ಸಾಲಾಗಿ ಉಳಿದಿದೆ.

ಕ್ಲಬ್‌ನ ಜೆರ್ರಿ ರಿಚರ್ಡ್‌ಸನ್‌ಗೆ ಕೊಲೆ ಕೇಸಿನಲ್ಲಿ ಶಿಕ್ಷೆಯಾಯಿತು. ವಿನ್ನಿಗೆ 1991ರಲ್ಲಿ ಅಪಹರಣ ಮತ್ತು ಹಲ್ಲೆಗೆ ನೆರವಾದ ಆರೋಪದಲ್ಲಿ ಆರು ವರ್ಷ. 1993ರಲ್ಲಿ ಮೇಲ್ಮನವಿಯಲ್ಲಿ ಅದು ದಂಡ ಮತ್ತು ಅಮಾನತಿನಲ್ಲಿಟ್ಟ ಶಿಕ್ಷೆಗೆ ಇಳಿಯಿತು. ಒಂದು ದಿನವೂ ಜೈಲಿನಲ್ಲಿ ಕಳೆಯಲಿಲ್ಲ. ಹೆಂಡತಿ ಅನ್ನೋ ಕಾರಣಕ್ಕೆ ಜಾಸ್ತಿ ಶಿಕ್ಷೆ ಆಯಿತು ಅನ್ನುತ್ತೀರಿ. ನನಗೆ ಕಾಣುವುದು ತಿರುಗುಮುರುಗು. ಆ ಹೆಸರು ಇಲ್ಲದಿದ್ದರೆ ಅವರು ಬಚಾವಾಗುತ್ತಿರಲಿಲ್ಲ.

ಜೋಬರ್ಗ್ ಕನ್ನಡಿಗ

ಕೆಲಸದ ಮೇಲೆ ಜೋಹಾನ್ಸ್‌ಬರ್ಗ್‌ನಲ್ಲಿ ನೆಲೆಸಿದವನು ನಾನು. ಇಲ್ಲಿ ಕಂಡದ್ದನ್ನು ಹೇಳುತ್ತೇನೆ.

2018ರ ಏಪ್ರಿಲ್ 2ರಂದು ವಿನ್ನಿ ತೀರಿಕೊಂಡರು. ಮೊದಲೆರಡು ದಿನ ವಿದೇಶಿ ಪತ್ರಿಕೆಗಳಲ್ಲಿ ಬಂದ ಶ್ರದ್ಧಾಂಜಲಿ ಓದಿದರೆ ಅಪರಾಧಿಯೊಬ್ಬರ ಕಥೆ ಓದಿದ ಹಾಗಿತ್ತು. ಇಲ್ಲಿಯ ಹೆಂಗಸರು ಅದಕ್ಕೆ ಕೊಟ್ಟ ಉತ್ತರ ನೋಡಬೇಕಿತ್ತು. ನಮ್ಮ ಆಫೀಸಿನಲ್ಲಿ ರಿಸೆಪ್ಶನ್‌ನವರಿಂದ ಹಿಡಿದು ಅಕೌಂಟ್ಸ್ ಮ್ಯಾನೇಜರ್‌ವರೆಗೆ ಕಪ್ಪು ಬಟ್ಟೆ ಉಟ್ಟು, ತಲೆಗೆ ಡೂಕ್ ಸುತ್ತಿಕೊಂಡು ಬಂದರು. ಡೂಕ್ ಅಂದರೆ ಇಲ್ಲಿಯ ಹೆಂಗಸರು ಕಟ್ಟುವ ತಲೆವಸ್ತ್ರ, ವಿನ್ನಿ ಕಟ್ಟುತ್ತಿದ್ದ ಹಾಗೆ. "ಅವರು ಸಾಯಲಿಲ್ಲ, ಹಲವರಾದರು" ಅನ್ನೋ ಘೋಷಣೆ ಎಲ್ಲ ಕಡೆ. ಅಂತ್ಯಕ್ರಿಯೆಯ ದಿನ ಓರ್ಲಾಂಡೊ ಸ್ಟೇಡಿಯಂ ತುಂಬಿತ್ತು.

ಸೊವೆಟೊದ ವಿಲಕಾಝಿ ಬೀದಿಯಲ್ಲಿ ಅವರ ಹಳೇ ಮನೆ ಈಗ ಮ್ಯೂಸಿಯಂ. ಕೆಂಪು ಇಟ್ಟಿಗೆಯ ಪುಟ್ಟ ಮನೆ, ನಮ್ಮೂರ ಹಳೇ ಕ್ವಾರ್ಟರ್ಸ್‌ಗಿಂತ ದೊಡ್ಡದಲ್ಲ. ಗೋಡೆಯಲ್ಲಿ ಗುಂಡಿನ ತೂತುಗಳಿವೆ, ಸುಟ್ಟ ಕಲೆಗಳಿವೆ. ಪೊಲೀಸರ ಗುಂಡು ಅಂತ ಗೈಡ್ ಹೇಳುತ್ತಾರೆ, ಅದು ನಿಜ. ಆದರೆ 1988ರ ಜುಲೈನಲ್ಲಿ ಇದೇ ಮನೆಗೆ ಬೆಂಕಿ ಇಟ್ಟು ಸುಟ್ಟವರು ಪೊಲೀಸರಲ್ಲ. ಡಾಲಿವೊಂಗಾ ಹೈಸ್ಕೂಲಿನ ಹುಡುಗರು. ಫುಟ್‌ಬಾಲ್ ಕ್ಲಬ್‌ನ ಕಾಟ ತಡೆಯಲಾರದೆ ತಿರುಗಿಬಿದ್ದಿದ್ದರು. ಆಗ ಅಕ್ಕಪಕ್ಕದವರು ಬೆಂಕಿ ಆರಿಸಲು ಬರಲಿಲ್ಲ ಅಂತ ಇಲ್ಲಿಯ ಹಿರಿಯರು ಹೇಳುತ್ತಾರೆ. ಸ್ಟಾಂಪಿ ಸಾಯುವುದಕ್ಕೆ ಐದಾರು ತಿಂಗಳ ಮುಂಚಿನ ಮಾತು ಇದು.

ಆದ್ದರಿಂದ ಬಯಲುಸೀಮೆ ಸರ್ ಹೇಳುವುದನ್ನು ಹೊರಗಿನವರ ಅಪಪ್ರಚಾರ ಅಂತ ತಳ್ಳಿಹಾಕಲು ಆಗುವುದಿಲ್ಲ. ವಿನ್ನಿಗೆ ಭಯಪಟ್ಟವರು ಅದೇ ಬೀದಿಯಲ್ಲಿದ್ದರು. ಅಪಪ್ರಚಾರ ಇರಲಿಲ್ಲ ಅಂತಲ್ಲ. ಸ್ಟ್ರಾಟ್‌ಕಾಮ್ ಅಂತ ಸರ್ಕಾರದ್ದೇ ಒಂದು ಗುಪ್ತ ವಿಭಾಗವಿತ್ತು, ಹೋರಾಟಗಾರರ ಹೆಸರು ಕೆಡಿಸುವುದೇ ಅದರ ಕೆಲಸ. ಎರಡೂ ಒಟ್ಟಿಗೇ ನಡೆಯುತ್ತಿತ್ತು.

ಈಗಿನ ಹುಡುಗರಿಗೆ ವಿನ್ನಿ ದೇವತೆ. ನೆಲ್ಸನ್ ರಾಜಿ ಮಾಡಿಕೊಂಡರು, ಭೂಮಿ ಬಿಳಿಯರ ಕೈಯಲ್ಲೇ ಉಳಿಯಿತು, ಬಗ್ಗದವರು ವಿನ್ನಿ ಒಬ್ಬರೇ ಅನ್ನುತ್ತಾರೆ. 2023ರಲ್ಲಿ ಇಲ್ಲಿಯ ವಿಲಿಯಂ ನಿಕೋಲ್ ರಸ್ತೆಗೆ ಅವರ ಹೆಸರಿಟ್ಟರು. ಬ್ರಾಂಡ್‌ಫೋರ್ಟ್ ಊರಿನ ಹೆಸರೇ ಈಗ ವಿನ್ನಿ ಮಂಡೇಲಾ. ಇದು ನನಗೆ ಪೂರ್ತಿ ಸಮಾಧಾನ ಕೊಡುವುದಿಲ್ಲ. ಮೊದಲು ಗಂಡ ಒಳ್ಳೆಯವನು ಅಂತ ತೋರಿಸಲು ಇವರನ್ನು ಕೆಟ್ಟವರು ಮಾಡಿದರು. ಈಗ ಗಂಡ ಸೋತ ಅಂತ ತೋರಿಸಲು ಇವರನ್ನು ಗೆಲ್ಲಿಸುತ್ತಿದ್ದಾರೆ. ಎರಡೂ ಸಲ ಮಾತು ನೆಲ್ಸನ್ ಬಗ್ಗೆಯೇ.

ಹಂಪಿ ಕಲ್ಲು

ಎಲ್ಲರೂ ವಿನ್ನಿ ವಿನ್ನಿ ಅನ್ನುತ್ತಿದ್ದೀರಿ. ಅದಕ್ಕೆ ಮುಂಚೆ ಎವೆಲಿನ್ ಮಾಸೆ ಅಂತ ಒಬ್ಬರಿದ್ದರು. 1944ರಲ್ಲಿ ಮದುವೆ. ನರ್ಸ್. ನೆಲ್ಸನ್ ಕಾನೂನು ಓದುವಾಗ ಮನೆ ನಡೆದಿದ್ದು ಅವರ ಸಂಬಳದಲ್ಲಿ. ನಾಲ್ಕು ಮಕ್ಕಳು, ಒಂದು ಕೂಸಾಗಿದ್ದಾಗಲೇ ಹೋಯಿತು. 1958ರಲ್ಲಿ ವಿಚ್ಛೇದನ, ಕೆಲವೇ ತಿಂಗಳಲ್ಲಿ ವಿನ್ನಿ ಜೊತೆ ಮದುವೆ. ಎವೆಲಿನ್ ಮಕ್ಕಳನ್ನು ಕಟ್ಟಿಕೊಂಡು ಹಳ್ಳಿ ಕಡೆ ಹೋಗಿ ಅಂಗಡಿ ಇಟ್ಟುಕೊಂಡರು, 2004ರಲ್ಲಿ ತೀರಿಕೊಂಡರು. ಅವರಿಗೆ ರಾಜಕೀಯ ಬೇಡವಾಗಿತ್ತು, ದೇವರು ಬೇಕಾಗಿತ್ತು. ಅದಕ್ಕೇ "ನಾಯಕನ ಜೊತೆ ಬೆಳೆಯಲಾಗದ ಹೆಂಡತಿ" ಅಂತ ಒಂದೇ ಪ್ಯಾರಾದಲ್ಲಿ ಮುಗಿಸುತ್ತಾರೆ. ರಾಜಕೀಯ ಬೇಡ ಅಂದವರೂ ತಪ್ಪಿತಸ್ಥರು, ಬೇಕು ಅಂದವರೂ ತಪ್ಪಿತಸ್ಥರು.

ನೀಲಿ ಶಾಯಿ

ಹಂಪಿ ಕಲ್ಲು ಅವರ ಕೊನೇ ಸಾಲು ನನ್ನನ್ನು ಚೀನಾಕ್ಕೆ ಕರೆದುಕೊಂಡು ಹೋಯಿತು. ಒಬ್ಬನೇ ನಾಯಕ, ಆದರೆ ಹೆಂಡತಿಯರಿಗೆ ಬೇರೆಬೇರೆ ಹಣೆಬರಹ. ಈ ವಿಷಯ ಅಷ್ಟು ಸ್ಪಷ್ಟವಾಗಿ ಕಾಣುವುದು ಮಾವೋ ಕಥೆಯಲ್ಲಿ. ಮನೆಯವರು ಚಿಕ್ಕಂದಿನಲ್ಲಿ ಕಟ್ಟಿದ ಮದುವೆ ಬಿಡಿ, ಅದನ್ನು ಮಾವೋ ಒಪ್ಪಲೇ ಇಲ್ಲ.

ಯಾಂಗ್ ಕೈಹುಯಿ. ಮಾವೋ ಗುರುಗಳ ಮಗಳು. 1930ರ ನವೆಂಬರ್‌ನಲ್ಲಿ ಚಾಂಗ್ಶಾದಲ್ಲಿ ಕುವೊಮಿಂಟಾಂಗ್ (ಕಮ್ಯುನಿಸ್ಟರ ಎದುರಾಳಿ ರಾಷ್ಟ್ರೀಯವಾದಿ ಪಕ್ಷ) ಕಡೆಯ ಸೇನಾಧಿಪತಿ ಗುಂಡಿಕ್ಕಿಸಿದ. ವಯಸ್ಸು 29. ಮಾವೋ ಜೊತೆ ಸಂಬಂಧ ಕಡಿದುಕೊಂಡೆ ಅಂತ ಬರೆದುಕೊಟ್ಟರೆ ಬಿಡುತ್ತೇವೆ ಅಂದಿದ್ದರು, ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ಮಾವೋ ಎರಡು ವರ್ಷದಿಂದ ಬೆಟ್ಟದಲ್ಲಿ ಇನ್ನೊಬ್ಬರ ಜೊತೆ ಸಂಸಾರ ಮಾಡುತ್ತಿದ್ದರು. ಯಾಂಗ್ ಬರೆದಿಟ್ಟ ಕಾಗದಗಳು ಹಳೇ ಮನೆಯ ಗೋಡೆಯ ಸಂದಿನಲ್ಲಿ ಸಿಕ್ಕಿದ್ದು 1982ರಲ್ಲಿ, ಮನೆ ದುರಸ್ತಿ ಮಾಡುವಾಗ. ಮಾವೋ ಸತ್ತು ಆರು ವರ್ಷ ಆಗಿತ್ತು. ಅದರಲ್ಲಿ ಇದ್ದದ್ದು ಹುತಾತ್ಮರ ಘೋಷಣೆಯಲ್ಲ. ಪ್ರೀತಿ, ಭಯ, ಅವನು ನನ್ನನ್ನು ಮರೆತನೇ ಅನ್ನುವ ಸಂಕಟ. ಅಧಿಕೃತ ನೆನಪಿನಲ್ಲಿ ಅವರು ವೀರ ಹುತಾತ್ಮೆ, ಅವರ ಮೇಲೆ ಮಾವೋ ಪದ್ಯ ಬೇರೆ ಇದೆ. ಆ ಸಂಕಟಕ್ಕೆ ಅಲ್ಲಿ ಜಾಗವಿಲ್ಲ.

ಬೆಟ್ಟದಲ್ಲಿದ್ದವರು ಹೆ ಝಿಝೆನ್. ಬಂದೂಕು ಹಿಡಿದವರು. ಲಾಂಗ್ ಮಾರ್ಚ್‌ನಲ್ಲಿ, ಅಂದರೆ ಕಮ್ಯುನಿಸ್ಟ್ ಸೇನೆ ಶತ್ರುವಿನಿಂದ ತಪ್ಪಿಸಿಕೊಂಡು ಮಾಡಿದ ದೀರ್ಘ ನಡಿಗೆಯಲ್ಲಿ, ಬಾಂಬಿನ ಚೂರು ಮೈಯೊಳಗೆ ಹೊಕ್ಕು ಸಾಯುವ ಹಾಗಾದರು. ಹೆತ್ತ ಮಕ್ಕಳನ್ನು ದಾರಿಯಲ್ಲಿ ಅಪರಿಚಿತರ ಕೈಗೆ ಕೊಟ್ಟು ನಡೆಯಬೇಕಾಯಿತು. 1937ರಲ್ಲಿ ಮಾಸ್ಕೋಗೆ ಹೋದರು, ಅಲ್ಲಿ ಮಾನಸಿಕ ಆಸ್ಪತ್ರೆಗೆ ಹಾಕಿದರು. 1947ರಲ್ಲಿ ವಾಪಸ್ ಬಂದಾಗ ಮಾವೋ ಪಕ್ಕದಲ್ಲಿ ಜಿಯಾಂಗ್ ಚಿಂಗ್ ಇದ್ದರು. 1984ರಲ್ಲಿ ಶಾಂಘೈನಲ್ಲಿ ಸಾಯುವವರೆಗೂ ಅವರ ಸುದ್ದಿ ಎತ್ತಿದವರು ಕಮ್ಮಿ. ಅವರನ್ನು ಹೊಗಳಲಿಲ್ಲ, ಬೈಯಲಿಲ್ಲ, ಬದಿಗೆ ಸರಿಸಿದರು. ಇವರ ಕಥೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ.

ಜಿಯಾಂಗ್ ಚಿಂಗ್ ಬಗ್ಗೆ ಹೇಳಬೇಕಾದ್ದು ಒಂದೇ. ಸಾಂಸ್ಕೃತಿಕ ಕ್ರಾಂತಿಯಲ್ಲಿ ಅವರ ಕೈಯಿಂದ ಹಾಳಾದ ಬದುಕುಗಳು ನಿಜ. 1981ರ ಜನವರಿಯಲ್ಲಿ ಮರಣದಂಡನೆ ವಿಧಿಸಿ ಎರಡು ವರ್ಷ ತಡೆಹಿಡಿದರು, ಆಮೇಲೆ ಜೀವಾವಧಿಗೆ ಇಳಿಸಿದರು. ಅದೇ ವರ್ಷ ಜೂನ್‌ನಲ್ಲಿ ಪಕ್ಷ ಒಂದು ನಿರ್ಣಯ ಮಾಡಿತು. ಮಾವೋ ತಪ್ಪು ಮಾಡಿದ್ದು ಹೌದು, ಆದರೆ ಸಾಧನೆಯೇ ಮೊದಲು, ತಪ್ಪು ಆಮೇಲೆ ಅಂತ. ಒಂದೇ ಕ್ರಾಂತಿ, ಒಂದೇ ಹತ್ತು ವರ್ಷ. ಐದು ತಿಂಗಳ ಅಂತರದಲ್ಲಿ ಹೆಂಡತಿಗೆ ಗಲ್ಲಿನ ತೀರ್ಪು, ಗಂಡನಿಗೆ ಪಾಸ್ ಮಾರ್ಕು. "ನಾನು ಅಧ್ಯಕ್ಷ ಮಾವೋ ಅವರ ನಾಯಿ, ಅವರು ಯಾರನ್ನು ಕಚ್ಚು ಅಂದರೋ ಅವರನ್ನು ಕಚ್ಚಿದೆ" ಅಂತ ಆಕೆ ಕೋರ್ಟಿನಲ್ಲಿ ಹೇಳಿದರು. ಅದು ಪೂರ್ತಿ ಸತ್ಯವಲ್ಲ, ಕಚ್ಚುವುದರಲ್ಲಿ ಆಕೆಗೆ ಸ್ವಂತ ಆಸಕ್ತಿಯೂ ಇತ್ತು. ಆದರೆ ಆ ಮಾತಿನ ಮೊದಲ ಅರ್ಧಕ್ಕೆ ಇವತ್ತಿಗೂ ಯಾರೂ ಉತ್ತರ ಕೊಟ್ಟಿಲ್ಲ.

ಬಯಲುಸೀಮೆ

ನೀಲಿ ಶಾಯಿ ಸರ್, ಚೀನಾದ ಉದಾಹರಣೆ ಒಪ್ಪಿದೆ. ಅಲ್ಲಿ ಅಪ್ಪಣೆ ಕೊಟ್ಟವನ ತಪ್ಪನ್ನು ಹೆಂಡತಿ ತಲೆಗೆ ಕಟ್ಟಿದರು. ಆದರೆ ಸ್ಟಾಂಪಿಯನ್ನು ಹೊಡೆಯಿರಿ ಅಂತ ನೆಲ್ಸನ್ ಜೈಲಿನಿಂದ ಹೇಳಿ ಕಳಿಸಿರಲಿಲ್ಲ. ಆ ಮನೆ ವಿನ್ನಿಯದ್ದು, ಆ ಹುಡುಗರು ವಿನ್ನಿಯವರು.

ಕಷ್ಟ ಅವರನ್ನು ಹಾಗೆ ಮಾಡಿತು ಅನ್ನುವ ವಾದಕ್ಕೆ ಆಲ್ಬರ್ಟಿನಾ ಸಿಸುಲು ಉತ್ತರ. ಗಂಡ, ನೆಲ್ಸನ್ ಜೊತೆಗಾರ ವಾಲ್ಟರ್ ಸಿಸುಲು 26 ವರ್ಷ ಜೈಲಿನಲ್ಲಿ. ಇವರು ನರ್ಸ್. ಸ್ವಂತ ಮಕ್ಕಳ ಜೊತೆ ನೆಂಟರ ಮಕ್ಕಳನ್ನೂ ಸಾಕಿದರು. 1963ರಲ್ಲೇ ವಿಚಾರಣೆಯಿಲ್ಲದೆ ಕೂಡಿಹಾಕುವ 90 ದಿನದ ಕಾನೂನಿನಡಿ ಒಳಗೆ ಹೋದರು. ವರ್ಷಗಟ್ಟಲೆ ನಿಷೇಧಾಜ್ಞೆ. ಮಕ್ಕಳಲ್ಲಿ ಕೆಲವರು ದೇಶ ಬಿಟ್ಟರು, ಕೆಲವರು ಜೈಲು ಸೇರಿದರು. ಅದೇ ಸೊವೆಟೊ, ಅದೇ ಪೊಲೀಸರು. 1983ರಲ್ಲಿ ವರ್ಣಭೇದದ ವಿರುದ್ಧದ ಒಕ್ಕೂಟ ಯುನೈಟೆಡ್ ಡೆಮಾಕ್ರಟಿಕ್ ಫ್ರಂಟ್‌ನ ಅಧ್ಯಕ್ಷರಲ್ಲಿ ಒಬ್ಬರಾದರು. ಅವರ ಮನೆ ಹಿತ್ತಲಲ್ಲಿ ಯಾವ ಮಗುವೂ ಹೊಡೆತ ತಿನ್ನಲಿಲ್ಲ. ಅವರು ಡಾ. ಅಬು ಬೇಕರ್ ಆಸ್ವತ್ ಅವರ ಕ್ಲಿನಿಕ್‌ನಲ್ಲಿ ನರ್ಸ್ ಆಗಿದ್ದರು. ಸ್ಟಾಂಪಿ ಸತ್ತ ತಿಂಗಳೊಳಗೆ, 1989ರ ಜನವರಿ 27ರಂದು, ಆ ಡಾಕ್ಟರನ್ನು ಕ್ಲಿನಿಕ್‌ನಲ್ಲೇ ಗುಂಡಿಟ್ಟು ಕೊಂದರು. ಆಲ್ಬರ್ಟಿನಾ ಪಕ್ಕದ ಕೋಣೆಯಲ್ಲಿದ್ದರು. ಅಷ್ಟು ಹತ್ತಿರದಿಂದ ಸಾವು ನೋಡಿದವರೂ ಅವರೇ.

ಶರಾವತಿ

ಬಯಲುಸೀಮೆಯವರೇ, ಸ್ಟಾಂಪಿ ಹೆಸರು ಎತ್ತಿದ್ದಕ್ಕೆ ಧನ್ಯವಾದ. ಆ ಹುಡುಗನ ಬಗ್ಗೆ ನೀವು ಹೇಳಿದ್ದರಲ್ಲಿ ಒಂದಕ್ಷರ ತೆಗೆಯಲಾರೆ. ಆದರೆ ಎರಡು ವಿಷಯದಲ್ಲಿ ನಿಮ್ಮ ಜೊತೆ ಜಗಳ ಇದೆ.

ಆಲ್ಬರ್ಟಿನಾ ಅವರನ್ನು ವಿನ್ನಿಗೆ ಹೊಡೆಯುವ ಕೋಲು ಮಾಡಬೇಡಿ. ಅವರ ಮೇಲೆ ನನಗಿರುವ ಗೌರವ ನಿಮಗಿಂತ ಕಮ್ಮಿ ಇಲ್ಲ. ಆದರೆ ಅವರ ಸುತ್ತ ಸಂಘಟನೆ ಇತ್ತು. ತಪ್ಪು ಹೆಜ್ಜೆ ಇಟ್ಟರೆ ಬೇಡ ಅನ್ನುವ ಗೆಳತಿಯರಿದ್ದರು. ವಿನ್ನಿಯನ್ನು ಬ್ರಾಂಡ್‌ಫೋರ್ಟ್‌ಗೆ ಕಳಿಸಿದ್ದೇ ಆ ನಂಟು ಕಡಿಯಲು. ಎಂಟು ವರ್ಷ ಆದ ಮೇಲೆ ವಾಪಸ್ ಬಂದಾಗ ಬೇಡ ಅನ್ನುವವರು ಪಕ್ಕದಲ್ಲಿರಲಿಲ್ಲ, ಹೌದು ಅನ್ನುವ ಹುಡುಗರಿದ್ದರು. ಅದರಲ್ಲಿ ಪೊಲೀಸರ ಜನವೂ ಇದ್ದರು, ಜೆರ್ರಿ ರಿಚರ್ಡ್‌ಸನ್ ಕೂಡ ಪೊಲೀಸರಿಗೆ ಸುದ್ದಿ ಕೊಡುತ್ತಿದ್ದ ಅಂತ ಆಮೇಲೆ ಗೊತ್ತಾಯಿತು. ಇದು ಕ್ಷಮೆಯಲ್ಲ, ಕಾರಣ. ಕಾರಣ ಗೊತ್ತಿಲ್ಲದೆ ತೀರ್ಪು ಕೊಟ್ಟರೆ ನಮ್ಮ ಕೈಗೆ ಸಿಗುವುದು "ಕೆಟ್ಟ ಹೆಂಗಸು" ಅನ್ನುವ ಗಾಳಿಮಾತು ಅಷ್ಟೇ.

ಎರಡನೆಯದು ನನಗೆ ಮುಖ್ಯ. 1997ರ ಕೊನೆಯಲ್ಲಿ, ವರ್ಣಭೇದ ಕಾಲದ ದೌರ್ಜನ್ಯಗಳನ್ನು ವಿಚಾರಿಸಲು ನೇಮಿಸಿದ ಸತ್ಯ ಮತ್ತು ಸಂಧಾನ ಆಯೋಗದ ಮುಂದೆ ವಿನ್ನಿ ಕೂತರು. ದಿನಗಟ್ಟಲೆ ವಿಚಾರಣೆ, ಪ್ರಪಂಚದ ಕ್ಯಾಮೆರಾಗಳೆಲ್ಲ ಅಲ್ಲಿ. ಆಯೋಗದ ಅಧ್ಯಕ್ಷ ಡೆಸ್ಮಂಡ್ ಟುಟು ವಿನ್ನಿ ಹತ್ತಿರ ಬೇಡಿಕೊಂಡರು, ತಪ್ಪಾಯಿತು ಅಂತ ಹೇಳಿ, ನೀವು ದೊಡ್ಡವರು ಅಂತ. ವಿನ್ನಿ ಕೊನೆಗೆ "ವಿಷಯ ಬಹಳ ಘೋರವಾಗಿ ಕೆಟ್ಟುಹೋಯಿತು" ಅಂತ ಒಪ್ಪಿಕೊಂಡರು, ಸ್ಟಾಂಪಿ ತಾಯಿ ಜಾಯ್ಸ್ ಸೆಯ್ಪೆ ಹತ್ತಿರ ಮತ್ತು ಡಾ. ಆಸ್ವತ್ ಕುಟುಂಬದ ಹತ್ತಿರ ಕ್ಷಮೆ ಕೇಳಿದರು. ಮನಸಾರೆ ಕೇಳಲಿಲ್ಲ, ಟುಟು ಬಾಯಿಬಿಡಿಸಿದರು ಅನ್ನುತ್ತಾರೆ. ನನಗೂ ಹಾಗೇ ಅನಿಸುತ್ತದೆ. ಫುಟ್‌ಬಾಲ್ ಕ್ಲಬ್ ಮಾಡಿದ ಹಕ್ಕು ಉಲ್ಲಂಘನೆಗೆ ವಿನ್ನಿ ರಾಜಕೀಯವಾಗಿ, ನೈತಿಕವಾಗಿ ಹೊಣೆ ಅಂತ 1998ರ ವರದಿ ಹೇಳಿತು. ಸರಿ.

ಈಗ ಪಿ. ಡಬ್ಲ್ಯು. ಬೋಥಾ. ಎಂಬತ್ತರ ದಶಕದಲ್ಲಿ ಬಿಳಿಯರ ಸರ್ಕಾರದ ಮುಖ್ಯಸ್ಥರಾಗಿ ದೇಶ ಆಳಿದವರು. ಆಯೋಗ ಕರೆದಾಗ ಬರುವುದಿಲ್ಲ ಅಂದರು. ಕೋರ್ಟ್ ತಪ್ಪಿತಸ್ಥ ಅಂತ ಹೇಳಿತು, 1999ರಲ್ಲಿ ಮೇಲ್ಮನವಿಯಲ್ಲಿ ಅದೂ ಬಿದ್ದುಹೋಯಿತು. ಮನೆಯಲ್ಲಿ ನೆಮ್ಮದಿಯಾಗಿ ಸತ್ತರು. ಅದು ಬೇಡ, ನಮ್ಮವರೇ ಆದ ಎಎನ್‌ಸಿ (ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್, ಮಂಡೇಲಾ ಪಕ್ಷ) ತೆಗೆದುಕೊಳ್ಳಿ. ಅಂಗೋಲಾದಲ್ಲಿ ಕ್ವಾಟ್ರೊ ಅಂತ ಅವರ ಶಿಬಿರವಿತ್ತು. ಏಜೆಂಟ್ ಅನ್ನುವ ಗುಮಾನಿಯ ಮೇಲೆ ಸ್ವಂತ ಸೈನಿಕರನ್ನೇ ಅಲ್ಲಿ ಕೂಡಿಹಾಕಿ ಹಿಂಸೆ ಕೊಟ್ಟರು, ಕೆಲವರನ್ನು ಗುಂಡಿಟ್ಟು ಕೊಂದರು. ಇದೂ ಅದೇ ಆಯೋಗದ ವರದಿಯಲ್ಲಿದೆ. ಡೀಪ್‌ಕ್ಲೂಫ್ ಮನೆಯಲ್ಲಿ ನಡೆದದ್ದೂ ಅದೇ ಗುಮಾನಿಯ ಮೇಲೆ. ಆದರೆ ಕ್ವಾಟ್ರೊ ಯಾವ ನಾಯಕನ ಹೆಸರಿಗೂ ಅಂಟಲಿಲ್ಲ. ಶ್ರದ್ಧಾಂಜಲಿಯ ಮೊದಲ ಸಾಲಿನಲ್ಲಿ ಯಾರಿಗೂ ಬರಲಿಲ್ಲ. ಸ್ಟಾಂಪಿಗಾಗಿ ಹೊಟ್ಟೆ ಉರಿಯುವುದಾದರೆ ಕ್ವಾಟ್ರೊದಲ್ಲಿ ಸತ್ತ ಹುಡುಗರಿಗೂ ಉರಿಯಬೇಕಲ್ವಾ?

ಕಿತ್ತೂರಿನವ

ನಮ್ಮ ದೇಶದ ಒಂದು ಉದಾಹರಣೆ ಹೇಳಲಾ? ದುರ್ಗಾವತಿ ದೇವಿ. ಭಗತ್ ಸಿಂಗ್ ಕಥೆ ಗೊತ್ತಿರುವವರಿಗೆಲ್ಲ ದುರ್ಗಾ ಭಾಭಿ ಅಂತ ಗೊತ್ತು. ಗಂಡ ಭಗವತೀ ಚರಣ್ ವೊಹ್ರಾ, ಭಗತ್ ಸಿಂಗ್ ಇದ್ದ ಕ್ರಾಂತಿಕಾರಿ ಸಂಘಟನೆಯ ತಲೆ ಅನ್ನಬಹುದಾದ ಮನುಷ್ಯ.

1928ರ ಡಿಸೆಂಬರ್‌ನಲ್ಲಿ ಲಾಹೋರಿನಲ್ಲಿ ಬ್ರಿಟಿಷ್ ಪೊಲೀಸ್ ಅಧಿಕಾರಿ ಸಾಂಡರ್ಸ್ ಕೊಲೆಯಾಯಿತು. ಊರ ತುಂಬಾ ಪೊಲೀಸರು. ಭಗತ್ ಸಿಂಗ್ ಕೋಟು ಹ್ಯಾಟು ಹಾಕಿ ಸಾಹೇಬನಾದರು, ದುರ್ಗಾ ಅವರ ಹೆಂಡತಿಯಾದರು, ರಾಜಗುರು ಆಳಾದರು. ಕಂಕುಳಲ್ಲಿ ಮೂರು ವರ್ಷದ ಮಗ. ರೈಲು ಹತ್ತಿ ಎಲ್ಲರೂ ಪಾರಾದರು. ಈ ಒಂದು ಪ್ರಯಾಣ ಎಲ್ಲ ಕಥೆಯಲ್ಲೂ, ಎಲ್ಲ ಸಿನಿಮಾದಲ್ಲೂ ಇದೆ.

1929ರಲ್ಲಿ ಜತೀನ್ ದಾಸ್ ಉಪವಾಸದಲ್ಲಿ ಸತ್ತಾಗ ಲಾಹೋರಿನಲ್ಲಿ ಮೆರವಣಿಗೆಯ ಮುಂದೆ ನಡೆದವರು ಇದೇ ದುರ್ಗಾ. 1930ರ ಮೇ 28ರಂದು ರಾವಿ ನದಿ ದಂಡೆಯಲ್ಲಿ ಬಾಂಬ್ ಪರೀಕ್ಷೆ ಮಾಡುವಾಗ ಗಂಡ ಸತ್ತರು. ಜೋರಾಗಿ ಅಳುವ ಹಾಗೂ ಇರಲಿಲ್ಲ, ಪೊಲೀಸರಿಗೆ ಗೊತ್ತಾಗುತ್ತಿತ್ತು. ಅದೇ ಅಕ್ಟೋಬರ್‌ನಲ್ಲಿ ಮುಂಬೈನ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಗುಂಡು ಹಾರಿಸಿದ ತಂಡದಲ್ಲಿ ಇವರಿದ್ದರು. ಒಬ್ಬ ಸಾರ್ಜೆಂಟ್ ಮತ್ತು ಆತನ ಹೆಂಡತಿಗೆ ಗಾಯವಾಯಿತು. ಇದು ಎಷ್ಟು ಜನಕ್ಕೆ ಗೊತ್ತು? ನಮ್ಮ ಕಡೆ ಕ್ರಾಂತಿಕಾರಿಗಳ ಬಗ್ಗೆ ಭಾಷಣ ಮಾಡುವವರು ರೈಲಿನ ಕಥೆ ಬಿಟ್ಟು ಮುಂದೆ ಹೋಗುವುದಿಲ್ಲ. ಹೆಂಡತಿ ಪಾತ್ರ ಹಾಕಿದ ದಿನ ನೆನಪಿದೆ, ಪಿಸ್ತೂಲು ಹಿಡಿದ ದಿನ ನೆನಪಿಲ್ಲ.

ಆಮೇಲೆ ಅವರು ಲಕ್ನೋದಲ್ಲಿ ಬಡ ಮಕ್ಕಳಿಗೆ ಮಾಂಟೆಸ್ಸರಿ ಶಾಲೆ ನಡೆಸಿದರು. ತೀರಿಕೊಂಡಿದ್ದು 1999ರ ಅಕ್ಟೋಬರ್‌ನಲ್ಲಿ, ಘಾಜಿಯಾಬಾದ್‌ನಲ್ಲಿ. ರೈಲು ಇಳಿದು ಎಪ್ಪತ್ತು ವರ್ಷ ಬದುಕಿದ್ದರು. ವಿನ್ನಿಯ ಹಾಗೆ ಇವರನ್ನು ಯಾರೂ ಬೈಯಲಿಲ್ಲ. ಅಧಿಕಾರದ ಹತ್ತಿರ ಸುಳಿಯಲಿಲ್ಲ, ಗಂಡ ಸತ್ತ ಮೇಲೆ ಇನ್ನೊಬ್ಬರ ಹೆಸರು ಜೊತೆಗೆ ಬರಲಿಲ್ಲ. ಅದಕ್ಕೇ ಬಚಾವಾದರು ಅಂತ ನನ್ನ ಅಭಿಪ್ರಾಯ.

ಲೈಬ್ರರಿ ಮೂಲೆ

ಕ್ರುಪ್‌ಸ್ಕಾಯಾ ಹೆಸರು ಬರಲೇ ಇಲ್ಲ. ಲೆನಿನ್ ಹೆಂಡತಿ. ದೇಶದಿಂದ ಹೊರಗಿದ್ದಾಗ ಲೆನಿನ್ ಗುಂಪಿನ ಇಸ್ಕ್ರಾ ಪತ್ರಿಕೆಯ ರಹಸ್ಯ ಪತ್ರವ್ಯವಹಾರ ನೋಡಿಕೊಂಡವರು ಅವರು. ಕಾಣದ ಶಾಯಿ, ಸಂಕೇತ ಲಿಪಿ, ಯಾವ ಊರಲ್ಲಿ ಯಾರು ಅನ್ನುವ ಪಟ್ಟಿ, ಎಲ್ಲ ಅವರ ಕೈಯಲ್ಲಿತ್ತು. ಪಕ್ಷ ಅಂತ ಒಂದಿದ್ದರೆ ಅದು ಆ ಮೇಜಿನ ಮೇಲಿತ್ತು. ಅವರ ಬಗ್ಗೆ ಬರೆದವರು ಹೆಚ್ಚು ಬರೆದಿದ್ದು ಥೈರಾಯ್ಡ್ ಕಾಯಿಲೆಯಿಂದ ಉಬ್ಬಿದ ಕಣ್ಣುಗಳ ಬಗ್ಗೆ. ಲೆನಿನ್ ಸತ್ತಾಗ ಸ್ಮಾರಕ ಕಟ್ಟಬೇಡಿ, ಶಿಶುವಿಹಾರ ಕಟ್ಟಿ, ಶಾಲೆ ಕಟ್ಟಿ ಅಂತ ಪಕ್ಷದ ಪತ್ರಿಕೆ ಪ್ರಾವ್ದಾದಲ್ಲಿ ಬರೆದರು. ಯಾರೂ ಕೇಳಲಿಲ್ಲ, ದೇಹವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಗ್ರಂಥಾಲಯಗಳಿಂದ "ಬೇಡದ" ಪುಸ್ತಕ ತೆಗೆದುಹಾಕಿ ಅಂತ ಸುತ್ತೋಲೆ ಹೊರಡಿಸಿದವರೂ ಇವರೇ, ಅದಕ್ಕೆ ಅವರನ್ನು ಟೀಕಿಸಬೇಕು. ಆದರೆ ಟೀಕಿಸುವಷ್ಟೂ ಅವರನ್ನು ಗಂಭೀರವಾಗಿ ತೆಗೆದುಕೊಂಡವರು ಕಮ್ಮಿ.

ಜೋಬರ್ಗ್ ಕನ್ನಡಿಗ

ವಿಚ್ಛೇದನದ ಬಗ್ಗೆ ಯಾರೋ ಕೇಳಿ ಅಳಿಸಿದ್ದರು, ಅದಕ್ಕೆ ಉತ್ತರ. 1996ರಲ್ಲಿ ಕೋರ್ಟಿನಲ್ಲಿ ನೆಲ್ಸನ್ ಅವರೇ ಹೇಳಿದರು, ತಾನು ಎಚ್ಚರವಿದ್ದಾಗ ವ‌ಿನ್ನಿ ಒಂದು ದಿನವೂ ಮಲಗುವ ಕೋಣೆಗೆ ಬರಲಿಲ್ಲ ಅಂತ. ದೊಡ್ಡವರ ಬಾಯಿಂದ ಆ ಮಾತು ಬಂದ ಮೇಲೆ ಜನಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. 27 ವರ್ಷ ಒಂಟಿಯಾಗಿದ್ದ ಹೆಂಗಸು ಬೇರೆಯವರನ್ನು ಬಯಸಿದ್ದು ಕೊಲೆ ಕೇಸಿಗಿಂತ ದೊಡ್ಡ ಅಪರಾಧವಾಗಿ ಉಳಿಯಿತು. ಶರಾವತಿ ಮೇಡಂ ಮೊದಲ ಸಾಲಲ್ಲೇ ಬರೆದರಲ್ಲ, ಜನ ಹೇಳುವುದು "ಮೋಸ ಮಾಡಿದಳು" ಅಂತ. ಸ್ಟಾಂಪಿ ಹೆಸರು ಅವರ ಬಾಯಲ್ಲಿ ಬರುವುದಿಲ್ಲ. ಬಯಲುಸೀಮೆ ಸರ್, ನಿಮ್ಮ ಸಿಟ್ಟು ಮತ್ತು ಅವರ ಸಿಟ್ಟು ಒಂದೇ ಅಲ್ಲ. ನಿಮ್ಮದು ಹುಡುಗನಿಗಾಗಿ. ಅವರದು ಗಂಡನಿಗಾಗಿ.

ಬಯಲುಸೀಮೆ

ಇದನ್ನು ನಾನು ಈ ರೀತಿ ಯೋಚಿಸಿರಲಿಲ್ಲ. ಒಪ್ಪುತ್ತೇನೆ. ಮಲಗುವ ಕೋಣೆಯ ಮಾತು ಎತ್ತುವವರ ಜೊತೆ ನನ್ನನ್ನು ಸೇರಿಸಬೇಡಿ.

ಕ್ವಾಟ್ರೊ ವಿಷಯಕ್ಕೆ ಉತ್ತರ: ಹೌದು ಮೇಡಂ, ಉರಿಯಬೇಕು. ಆದರೆ ಅಲ್ಲಿಯವರಿಗೆ ಶಿಕ್ಷೆಯಾಗಲಿಲ್ಲ ಅಂತ ಇಲ್ಲಿಯ ತೀರ್ಪನ್ನು ಸಡಿಲ ಮಾಡಲು ನಾನು ತಯಾರಿಲ್ಲ. ಅಲ್ಲಿಯದನ್ನು ಬಿಗಿ ಮಾಡೋಣ ಅನ್ನುತ್ತೇನೆ.

ಶರಾವತಿ

ಸಡಿಲ ಮಾಡಿ ಅಂತ ನಾನೂ ಕೇಳಲಿಲ್ಲ. ನೀವು ಕೊನೆಯಲ್ಲಿ ಹೇಳಿದ್ದೇ ನನ್ನ ಮೊದಲ ಪ್ರಶ್ನೆಗೆ ಉತ್ತರ.

ಒಂದು ಕೆಲಸ ಮಾಡೋಣವಾ? ಸತ್ಯ ಆಯೋಗದ ವರದಿ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಸಿಗುತ್ತದೆ. ಎರಡನೇ ಸಂಪುಟದ ಆರನೇ ಅಧ್ಯಾಯದಲ್ಲಿ ಫುಟ್‌ಬಾಲ್ ಕ್ಲಬ್ ಬಗ್ಗೆಯೇ ಒಂದು ಭಾಗವಿದೆ. ಅದೇ ಸಂಪುಟದ ನಾಲ್ಕನೇ ಅಧ್ಯಾಯದಲ್ಲಿ ವಿಮೋಚನಾ ಸಂಘಟನೆಗಳು, ಕ್ವಾಟ್ರೊ ಬರುವುದು ಅಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದೋಣ. ನಾನು ಆರನೆಯದರಲ್ಲಿ ಜಾಯ್ಸ್ ಸೆಯ್ಪೆ ಬರುವ ಭಾಗದಿಂದ ಶುರು ಮಾಡಿ ಕನ್ನಡದಲ್ಲಿ ಸಾರಾಂಶ ಹಾಕುತ್ತೇನೆ. ನಾಲ್ಕನೆಯದನ್ನು ಬಯಲುಸೀಮೆಯವರು ತೆಗೆದುಕೊಳ್ಳಲಿ. ಅಲ್ಲಿ ಯಾವ ಯಾವ ನಾಯಕರ ಹೆಸರಿದೆ ಅನ್ನುವುದನ್ನು ಬಿಡದೆ ಬರೆಯಿರಿ.